ಎಣ್ಣೆ ಕಂಪನಿಯ ಆರುನೂರು ಶೇರು

ತಿಮೋತಿಗೆ ದೊಡ್ಡವ್ವನ ಮೇಲೆ ಸಿಟ್ಟು ಬಂದದ್ದು ಅವಳು ತಪ್ಪು ಮಾಡಿದಳೆಂದಲ್ಲ. ತಾನು ತಪ್ಪು ಮಾಡಿದ ಹೊತ್ತಿನಲ್ಲಿ ಅವಳು ಏನೂ ಮಾಡದೆ ಸುಮ್ಮನೆ ಕೂತು ಗೆದ್ದುಬಿಟ್ಟಳೆಂದು.

ಅವನು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಶೇರು ದಲ್ಲಾಳಿ ಪಂಢರಿನಾಥರ ಕಚೇರಿಯ ಟೈಪಿಸ್ಟು. ಹದಿನಾಲ್ಕು ವರ್ಷ ಬೇರೆಯವರ ಲಾಭದ ಕಾಗದ ಟೈಪು ಮಾಡಿ ಬೇಸತ್ತು, ಒಮ್ಮೆ ಧೈರ್ಯ ಮಾಡಿ ತಾನೂ ಬ್ರಹ್ಮಪುತ್ರ ತೈಲ ಕಂಪನಿಯ ಇನ್ನೂರು ಶೇರು ಕೊಂಡಿದ್ದ. ಕಂಪನಿಯ ಬಾವಿಗಳೆಲ್ಲ ಅಸ್ಸಾಮಿನಲ್ಲಿದ್ದವು. ಅಂದಿನಿಂದ ಅವನ ಮಾತೇ ಬೇರೆಯಾಯಿತು. ಸಂಜೆ ಧಾರವಾಡದ ಮನೆಗೆ ಮರಳುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ, ಅವರು ಕೇಳಲಿ ಬಿಡಲಿ, ದಾರಿಯಲ್ಲಿನ ರಾಯಾಪುರ ಬರುವಷ್ಟರಲ್ಲಿ ಎಣ್ಣೆಯ ರಾಜಕಾರಣವನ್ನೆಲ್ಲ ಹೇಳಿ ಮುಗಿಸುತ್ತಿದ್ದ. ರಷ್ಯ ಅಗ್ಗದ ಎಣ್ಣೆ ತೋರಿಸಿ ದಿಲ್ಲಿಯನ್ನು ಹೇಗೆ ಒಲಿಸಿಕೊಳ್ಳುತ್ತಿದೆ, ಬೆಲೆ ಇಳಿಸುವುದಿಲ್ಲವೆಂದು ವಿದೇಶಿ ಕಂಪನಿಗಳು ಹೇಗೆ ಹಟ ಹಿಡಿದಿವೆ, ನಾಳೆ ಸರ್ಕಾರ ಎಲ್ಲ ಬಾವಿಗಳನ್ನೂ ಕಿತ್ತುಕೊಂಡರೆ ಶೇರುದಾರನ ಗತಿಯೇನು. ಇಷ್ಟೆಲ್ಲ ಬಲ್ಲವನು 1962ರ ನವೆಂಬರಿನಲ್ಲಿ, ಚೀನಾದ ಸೈನ್ಯ ಅಸ್ಸಾಮಿನ ಕಡೆ ಇಳಿಯತೊಡಗಿದ ಸುದ್ದಿ ಓದಿ, ಒಂದಕ್ಕೆ ಏಳು ರೂಪಾಯಿಯಂತೆ ಎಲ್ಲವನ್ನೂ ಮಾರಿದ. ಕೊಂಡದ್ದು ಹದಿನಾರಕ್ಕೆ. ನಾಚಿಕೆಯಿಂದ ಹೆಂಡತಿ ಎಲಿಜಬೆತಳಿಗೂ ಹೇಳಲಿಲ್ಲ.

ಹೇಳಿದ್ದು ದೊಡ್ಡವ್ವನಿಗೆ ಮಾತ್ರ, ಅದೂ ಬುದ್ಧಿ ಹೇಳುವ ನೆಪದಲ್ಲಿ. ದೊಡ್ಡವ್ವ ಎಡಿತ್ ಅವನ ತಾಯಿಯ ಅಕ್ಕ. ಆರು ವರ್ಷದವನಿದ್ದಾಗ ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳೇ. ಮದುವೆಯಾಗದೆ ಮಿಶನ್ ಸಾಲೆಯಲ್ಲಿ ಮೂವತ್ತು ವರ್ಷ ಕಲಿಸಿ, ಈಗ ಲಕಮನಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಮಿಶನ್ನಿನ ವಿದೇಶಿ ಮೇಡಂ ಒಬ್ಬರನ್ನು ಕೊನೆಗಾಲದಲ್ಲಿ ನೋಡಿಕೊಂಡಿದ್ದಕ್ಕೆ ಅವರು ಇದೇ ಕಂಪನಿಯ ಆರುನೂರು ಶೇರುಗಳನ್ನು ಅವಳ ಹೆಸರಿಗೆ ಬರೆದಿಟ್ಟು ಹೋಗಿದ್ದರು. ಸಾಲೆಯ ಪಿಂಚಣಿ ಬಾಡಿಗೆಗೆ ಹೋದರೆ, ವರ್ಷಕ್ಕೊಮ್ಮೆ ಬರುವ ಲಾಭಾಂಶ ಅವಳ ಹೊಟ್ಟೆಗೆ.

"ಮಾರಿಬಿಡು ದೊಡ್ಡವ್ವ, ಚೀನಾದವರು ಬರಾಕತ್ಯಾರ," ಎಂದು ಅವನು ಅಂದಾಗ ಅವಳು ನಕ್ಕಿದ್ದಳು.

"ನೆಲದಾಗ ದೇವರಿಟ್ಟ ಎಣ್ಣಿ ಅದು. ಬಂದಾಂವ ಏನು ಕೊಡದಾಗ ತುಂಬ್ಕೊಂಡು ಹೋಗತಾನೇನು? ಕೂಡು, ರೊಟ್ಟಿ ತಿನ್ನು."

1964ರ ಜುಲೈಯಲ್ಲಿ ಮುಂಬೈಯಿಂದ ಟ್ರಂಕ್ ಕಾಲ್ ಬಂತು. ಪಂಢರಿನಾಥರು ಮಾತಾಡಿ ಮುಗಿಸಿ, ತಲೆ ಕೆರೆದುಕೊಂಡು, ತಿಮೋತಿಯನ್ನು ಹತ್ತಿರ ಕರೆದರು.

"ನೋಡು ತಿಮೋತಿ, ಈ ಮಾತು ಈ ನಾಕು ಗ್ವಾಡಿ ದಾಟಬಾರದು. ಲಂಡನ್ನಿನ ದೊಡ್ಡ ಕಂಪನಿ ಒಂದು ನಮ್ಮ ಬ್ರಹ್ಮಪುತ್ರಾನ ಪೂರ್ತಿ ತಗೊಳ್ಳಾಕತ್ತೇತಿ. ಶೇರಿಗೆ ಇಪ್ಪತ್ತೈದು. ಬಾವಿಯೊಳಗ ಸರ್ಕಾರಕ್ಕ ಪಾಲು ಕೊಡತಾರಂತ, ದಿಲ್ಲಿಯವರು ಹೂಂ ಅಂದಾರ. ಹತ್ತು ದಿನಕ್ಕ ಪೇಪರಿನ್ಯಾಗ ಬರತೈತಿ."

ತಿಮೋತಿ "ಹೂಂ ರಿ" ಎಂದು ತನ್ನ ಮೇಜಿಗೆ ಬಂದು ಕೂತ. ರಷ್ಯ, ದಿಲ್ಲಿ, ಲಂಡನ್ ಎಲ್ಲವನ್ನೂ ಅರೆದು ಕುಡಿದವನಿಗೆ ಏಳು ರೂಪಾಯಿ. ಕಣ್ಣು ಮಂಜಾಗಿ ಪೇಪರನ್ನೇ ಓದಲಾಗದ ಮುದುಕಿಗೆ ಇಪ್ಪತ್ತೈದು. ಹದಿನೈದು ಸಾವಿರ ಅವಳೇನು ಮಾಡುತ್ತಾಳೆ? ಯಾವುದೋ ಬೋರ್ಡಿಂಗಿನ ಹುಡುಗಿಯರಿಗೆ ಹಂಚುತ್ತಾಳೆ. ಸತ್ತ ಮೇಲೆ ಹೇಗೂ ತನಗೇ ಬರಬೇಕಾದದ್ದು, ಸ್ವಲ್ಪ ಮೊದಲು ಬಂದರೆ ಅದು ಕಳವು ಹೇಗಾದೀತು? ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ತಿಮೋತಿ ಕೂತಲ್ಲೇ ಒಂದೊಂದಾಗಿ ಎಣಿಸತೊಡಗಿದ.

ಮೂರು ದಿನ ಯೋಚಿಸಿದ. ಅವಸರ ಮಾಡಿದವರೇ ಸಿಕ್ಕಿಬೀಳುವುದೆಂದು ಅವನಿಗೆ ಗೊತ್ತಿತ್ತು. ದೊಡ್ಡವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವಳ ಟಪಾಲನ್ನು ಪ್ರತಿ ಶನಿವಾರ ಹೋಗಿ ಓದಿ ಹೇಳುವವನು ಅವನೇ. ಹೆಸರು ಬದಲಾಯಿತೆಂದು ಕಂಪನಿಯಿಂದ ಕಾಗದ ಬಂದರೂ ಅದು ಅವನ ಕೈಗೇ ಬರಬೇಕು. ಮನೆಯಲ್ಲಿ ರೇಡಿಯೋ ಇಲ್ಲ, ಕೇರಿಯಲ್ಲಿ ಶೇರು ಅಂದರೆ ಏನೆಂದು ಬಲ್ಲವರಿಲ್ಲ. ಇನ್ನು ಸಹಿಯ ವಿಚಾರ. ಆ ಕಾಲದಲ್ಲಿ ಮಾರುವವರು ವರ್ಗಾವಣೆ ಪತ್ರಕ್ಕೆ ಸಹಿ ಹಾಕಿ, ಕೊಳ್ಳುವವರ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಕೊಡುವುದು ರೂಢಿ. ಕೊನೆಗೆ ಯಾರ ಕೈಗೆ ಸೇರಿತೋ ಅವರು ತಮ್ಮ ಹೆಸರು ತುಂಬಿಕೊಳ್ಳುತ್ತಿದ್ದರು. ಅವಳ ಸಹಿ ಖರೆ, ಕಾಗದ ಖರೆ. ಖೊಟ್ಟಿಯಾದದ್ದು ಕಾಗದದ ಮೇಲೆ ಒಂದಕ್ಷರವೂ ಇರುವುದಿಲ್ಲ.

ಎಲಿಜಬೆತಳ ಲೆಕ್ಕದಲ್ಲಿ ಗಂಡನ ಎಣ್ಣೆ ಶೇರು ಇನ್ನೂ ಹಾಗೆಯೇ ಇದ್ದವು. ಎಂದೋ ಮುಚ್ಚಿಟ್ಟ ನಾಚಿಕೆ ಇಂದು ಉಪಯೋಗಕ್ಕೆ ಬಂತಲ್ಲ ಎಂದು ಅವನಿಗೆ ಖುಷಿಯಾಯಿತು. ವರ್ಷ ವರ್ಷ ಸ್ವಲ್ಪ ಸ್ವಲ್ಪ ಕೊಂಡು ಆರುನೂರು ಮಾಡಿದೆನೆಂದರೆ ಮುಗಿಯಿತು. ಸುಳ್ಳು ಹೇಳುವವನು ಅಂಕಿಗಳನ್ನು ಮಾತ್ರ ಖರೆ ಇಡಬೇಕು, ಆಗ ಎಂದೂ ನಾಲಿಗೆ ತೊಡರುವುದಿಲ್ಲ. ಇದು ಅವನು ಕಚೇರಿಯಲ್ಲಿ ಕಲಿತ ಪಾಠ.

ಶನಿವಾರ ಮಧ್ಯಾಹ್ನ ಲಕಮನಹಳ್ಳಿಗೆ ಹೋದ. ಅವಳು ಮೊದಲು ಊಟಕ್ಕೆ ಬಡಿಸಿದಳು. ತಿನ್ನದೆ ಮಾತಾಡಿದರೆ ಸಂಶಯ ಬಂದೀತೆಂದು ಎರಡು ರೊಟ್ಟಿ ತಿಂದು, ಕೈ ತೊಳೆದು, ಆಮೇಲೆ ಹೇಳಿದ.

"ದೊಡ್ಡವ್ವ, ಸರ್ಕಾರ ಬಾವಿ ಎಲ್ಲಾ ಕಸಗೊಂಡೇತಿ. ಪರಿಹಾರ ಅಂತ ಒಂದು ದುಡ್ಡೂ ಇಲ್ಲಂತ. ಕಂಪನಿ ಮುಳುಗಿತು."

ಅವಳು ರೊಟ್ಟಿಯ ಬುಟ್ಟಿ ಮುಚ್ಚಿಟ್ಟು ಅವನತ್ತ ತಿರುಗಿದಳು. "ಎಲ್ಲಾ ಹೋತೇನೋ?"

"ಎರಡೆರಡು ರೂಪಾಯಿ ಕೊಟ್ಟು ತಗೊಳ್ಳಾಂವ ಒಬ್ಬ ಮುಂಬೈ ಸೇಠ ಸಿಕ್ಕಾನ. ಇವತ್ತ ಸಹಿ ಮಾಡಿದ್ರ ಸಾವಿರದ ಇನ್ನೂರು ಬರತಾವ. ನಾಳೆ ಅಂದ್ರ ಅಂವನೂ ಒಲ್ಲೆ ಅಂದಾನು."

"ಮುಳುಗಿದ್ದು ತಗೊಂಡು ಅಂವ ಏನು ಮಾಡತಾನ? ಪಾಪ, ಅವಂಗ ಖರೇ ಸಂಗತಿ ಹೇಳೀಯಿಲ್ಲೋ?"

"ಹೇಳೇನಿ."

"ಹಂಗಾದ್ರ ಛಲೋ ಆತು. ಇನ್ನೊಬ್ಬರ ಹೊಟ್ಟಿ ಮ್ಯಾಲೆ ಹೊಡದ ರೊಕ್ಕ ನನಗ ಬ್ಯಾಡ."

ಸಹಿ ಮಾಡುವ ಜಾಗ ಅವಳಿಗೆ ಕಾಣಲಿಲ್ಲ. ಅವನೇ ಅವಳ ಬೆರಳು ಹಿಡಿದು ಗೆರೆಯ ಮೇಲೆ ಇಟ್ಟ. ಇದೇ ಕೈ ತನ್ನ ಕೈ ಹಿಡಿದು ಹಲಗೆಯ ಮೇಲೆ ಅಕ್ಷರ ತಿದ್ದಿಸಿತ್ತು ಎಂಬುದು ಅವನಿಗೆ ನೆನಪಾಯಿತು. ಆದರೂ ಬಿಡಲಿಲ್ಲ. ಸಹಿ ಮುಗಿದ ಮೇಲೆ ಅವಳು, "ನೀ ಇದ್ದಿ ಅಂತ ಇಷ್ಟರೆ ಉಳೀತು ನೋಡಪ್ಪ," ಎಂದು ಅವನ ತಲೆ ಸವರಿದಳು.

ಮುಂದಿನದೆಲ್ಲ ಟೈಪು ಮಾಡಿದ ಹಾಗೆ ನಡೆಯಿತು. ಹಿಂದೆ ತನ್ನ ಶೇರು ಮಾರಿ ಮುಚ್ಚಿಟ್ಟಿದ್ದ ಹಣದಲ್ಲಿ ಸಾವಿರದ ಇನ್ನೂರು ತೆಗೆದು, ಸೇಠ ಕೊಟ್ಟದ್ದೆಂದು ದೊಡ್ಡವ್ವನಿಗೆ ಕೊಟ್ಟ. ಖಾಲಿ ಜಾಗದಲ್ಲಿ ತನ್ನ ಹೆಸರು ತುಂಬಿ, ಶೇರು ಪತ್ರಗಳ ಜೊತೆ ಕಲಕತ್ತೆಯಲ್ಲಿದ್ದ ಕಂಪನಿಯ ಕಚೇರಿಗೆ ಕಳಿಸಿದ. ಸುದ್ದಿ ಪೇಪರಿನಲ್ಲಿ ಬಂತು, ಹೋಯಿತು. ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ಬ್ಯಾಂಕಿಗೆ ಹದಿನೈದು ಸಾವಿರ ಬಂದು ಬಿತ್ತು. ಆ ದಿನ ಅವನು ಎಲಿಜಬೆತಳಿಗೆ ಆರುನೂರು ಶೇರಿನ ಕತೆ ಹೇಳಿದ, ಮಂದಿಯ ಮುಂದೆ ಆಡಬೇಡವೆಂದೂ ಹೇಳಿದ. ಅವಳು ಆಡುವವಳಲ್ಲ. ಕೇರಿಯಲ್ಲಿ ಅವಳಷ್ಟು ಬಾಯಿ ಬಿಗಿ ಇದ್ದ ಹೆಂಗಸು ಇನ್ನೊಬ್ಬಳಿರಲಿಲ್ಲ.

ಅವನು ಲೆಕ್ಕ ಹಾಕದೆ ಇದ್ದದ್ದು ತನ್ನ ಮನಸ್ಸನ್ನು. ಅಕ್ಟೋಬರಿನ ಒಂದು ಶನಿವಾರ ದೊಡ್ಡವ್ವ ಕೊಟ್ಟ ಚಹಾ ಕಪ್ಪಗಿತ್ತು.

"ಹಾಲು?" ಎಂದ.

"ಹಾಲಿನವಗ ಬ್ಯಾಡ ಅಂದೇನಿ. ವಯಸ್ಸಾದ ಮ್ಯಾಲೆ ಹಾಲು ದಕ್ಕೂದಿಲ್ಲಪ್ಪ."

ಸಾವಿರದ ಇನ್ನೂರನ್ನು ಅವಳು ಪೋಸ್ಟಿನಲ್ಲಿ ಇಟ್ಟು, ಸಾಯುವ ತನಕ ಹೇಗೆ ಸಾಗಿಸಬೇಕೆಂದು ಯೋಚಿಸುತ್ತಿದ್ದಳು. ಅವನು ಮರುವಾರ ಸಕ್ಕರೆ, ಬಿಸ್ಕೀಟು, ಹಾಲಿನ ಪುಡಿಯ ಡಬ್ಬಿ ಒಯ್ದ. ಅವಳು ಮನಸ್ಸು ತುಂಬಿ ಹರಸಿದಳು. ಆ ಹರಕೆ ಅವನಿಗೆ ಬೈಗುಳಕ್ಕಿಂತ ಕಡೆಯಾಯಿತು. ಬಸ್ಸಿನಲ್ಲಿ ಈಗ ಎಣ್ಣೆಯ ಮಾತು ನಿಂತಿತ್ತು. ಯಾರಾದರೂ ಕಳವಿನ ಸುದ್ದಿ ಎತ್ತಿದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಗಿದ್ದ. ಐದು ಸಾವಿರವಾದರೂ ಹಿಂದಕ್ಕೆ ಕೊಟ್ಟುಬಿಡಲೇ ಎಂದುಕೊಂಡ. ಆದರೆ ಮುಳುಗಿದ ಕಂಪನಿ ಹೇಗೆ ತೇಲಿತೆಂದು ಹೇಳಬೇಕು? ತಾನು ಕೆಟ್ಟವನೆಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅದನ್ನು ದೊಡ್ಡವ್ವ ತಿಳಿಯುವುದನ್ನು ಮಾತ್ರ ಅವನು ತಾಳಲಾರ.

ಕೊನೆಗೆ ಅವನಿಗೆ ಒಂದು ದಾರಿ ಹೊಳೆಯಿತು. ನವೆಂಬರಿನಲ್ಲಿ ಚರ್ಚಿನ ಸುಗ್ಗಿ ಹಬ್ಬ. ವರ್ಷದ ದುಡಿಮೆಯಲ್ಲಿ ಹತ್ತನೇ ಪಾಲು ದೇವರದು. ಇಷ್ಟು ದಿನ ಅವನು ಐದು ರೂಪಾಯಿಗೇ ದೇವರನ್ನು ಒಪ್ಪಿಸಿದ್ದ. ಈ ಸಲ ಸರಿಯಾದ ಪಾಲು ಕೊಟ್ಟರೆ ಉಳಿದದ್ದು ಶುದ್ಧವಾದೀತು ಎನಿಸಿತು.

"ಎಲಿಜಬೆತ್, ಈ ವರ್ಷ ಪೂರ್ತಿ ಹತ್ತನೇ ಪಾಲು ಕೊಡೂಣು. ಸಾವಿರದ ಐದುನೂರು. ನೀನ ಒಯ್ದು ಪಾದ್ರಿಗಳ ಕೈಯಾಗ ಕೊಡು."

ಅವಳ ಕಣ್ಣು ತುಂಬಿತು. "ನಿಮಗ ದೇವರು ಒಳ್ಳೆ ಮನಸ್ಸು ಕೊಟ್ಟಾನ್ರಿ," ಎಂದಳು.

ಅಷ್ಟು ದೊಡ್ಡ ಮೊತ್ತವನ್ನು ಎಲ್ಲರೆದುರು ಓದುತ್ತಾರೆಂಬುದು ಅವನಿಗೆ ಗೊತ್ತಿತ್ತು. ಅದಕ್ಕೂ ತಯಾರಿ ಮಾಡಿಕೊಂಡ. ಹಬ್ಬದ ಬೆಳಗ್ಗೆ ದೊಡ್ಡವ್ವನನ್ನು ಟಾಂಗಾದಲ್ಲಿ ಕರೆದುಕೊಂಡು ಬರುವಾಗ, ಪಂಢರಿನಾಥರು ತನ್ನ ಕೆಲಸಕ್ಕೆ ಮೆಚ್ಚಿ ದೊಡ್ಡ ಇನಾಮು ಕೊಟ್ಟರೆಂದು ಹೇಳಿದ. "ಕೊಡಲಿ ಬಿಡು, ನೀ ದುಡೀತಿ," ಎಂದು ಅವಳು ಅವನ ಮೊಣಕೈ ಒತ್ತಿದಳು.

ಚರ್ಚಿನ ಮೆಟ್ಟಿಲ ಮೇಲೆ ಜೋಳದ ತೆನೆ, ಕಬ್ಬು, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ದೊಡ್ಡವ್ವನನ್ನು ಹೆಂಗಸರ ಸಾಲಿನಲ್ಲಿ ಎಲಿಜಬೆತಳ ಪಕ್ಕಕ್ಕೆ ಕೂರಿಸಿ, ಅವನು ಗಂಡಸರ ಸಾಲಿಗೆ ಬಂದ. ಹಾಡು ಆಯಿತು, ಪ್ರಾರ್ಥನೆ ಆಯಿತು. ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು. ಪಾದ್ರಿಗಳು ಕನ್ನಡಕ ಏರಿಸಿಕೊಂಡು, ಅಕ್ಷರದ ಕ್ರಮದಲ್ಲಿ ಜೋಡಿಸಿದ ಚೀಟಿಗಳ ಕಟ್ಟು ಬಿಚ್ಚಿದರು.

"ಉಡಚಪ್ಪ. ಹೊಲದ ಜೋಳ. ಎರಡು ಚೀಲ."

"ಎಡಿತ್. ಬ್ರಹ್ಮಪುತ್ರ ಕಂಪನಿಯ ಆರುನೂರು ಶೇರು, ಒಂದಕ್ಕೆ ಎರಡು ರೂಪಾಯಿಯಂತೆ ಮಾರಿದ್ದು. ನೂರಾ ಇಪ್ಪತ್ತು."

ಅವನು ತಲೆ ಎತ್ತಿದ. ಆ ಸಾಲಿನಿಂದ ಎಲಿಜಬೆತ್ ಅವನತ್ತ ತಿರುಗಿ ನೋಡುತ್ತಿದ್ದಳು. ಅವಳ ಮುಖ ಬಣ್ಣಗೆಟ್ಟಿತ್ತು. ಕಾಣಿಕೆಯ ಚೀಟಿಯಲ್ಲಿ ಹೆಸರು, ಮೊತ್ತ ಮಾತ್ರವಲ್ಲ, ಅದು ಯಾವ ಬೆಳೆಯಿಂದ ಬಂದದ್ದೆಂದೂ ಬರೆಯಬೇಕು. ಒಕ್ಕಲಿಗರು ಜೋಳ, ಹತ್ತಿ ಎಂದು ಬರೆದರೆ ಪೇಟೆಯವರು ಪಗಾರ, ಹೊಲಿಗೆ ಎಂದು ಬರೆಯುತ್ತಿದ್ದರು. "ತಿಮೋತಿ, ಪಗಾರ, ಐದು ರೂಪಾಯಿ" ಎಂಬುದನ್ನು ವರ್ಷ ವರ್ಷ ಕೇಳಿ ಅವನ ಕಿವಿಗೆ ನಡುವಿನ ಮಾತು ಬೀಳುವುದೇ ನಿಂತುಹೋಗಿತ್ತು. ದೊಡ್ಡವ್ವ ತನ್ನ ಚೀಟಿಯನ್ನು ಬೋರ್ಡಿಂಗಿನ ಹುಡುಗಿಯೊಬ್ಬಳಿಂದ ಬರೆಸಿದ್ದಳು; ಅವನ ಮನೆಯ ಚೀಟಿ ಬರೆಯುವವಳು ಪ್ರತಿ ಸಲವೂ ಎಲಿಜಬೆತ್. ಮಂದಿಯ ಮುಂದೆ ಆಡದವಳು, ದೇವರ ಮುಂದೆ ಮಾತ್ರ ಒಂದನ್ನೂ ಮುಚ್ಚಿಡದವಳು. ಅವಳಿಗೆ ಅವನು ಹೇಳಿದ ಅಂಕಿಗಳೆಲ್ಲ ಖರೆಯವೇ ಆಗಿದ್ದವು. "ಜಯಪ್ಪ. ರೇಲ್ವೆ ಪಗಾರ. ಇಪ್ಪತ್ತು." ದೊಡ್ಡವ್ವ ತನ್ನ ಮಗನ ಹೆಸರು ಬರುವುದನ್ನು ಕಾಯುತ್ತ, ಚೆನ್ನಾಗಿ ಕೇಳಿಸಲೆಂದು ಕಿವಿಯ ಮೇಲಿನ ಸೆರಗು ಸರಿಸಿಕೊಂಡಳು. ಪಾದ್ರಿಗಳು ಮುಂದಿನ ಚೀಟಿ ಎತ್ತಿ, ಮೊತ್ತ ಕಂಡು ಸಂತೋಷದಿಂದ ದನಿ ಏರಿಸಿದರು. "ತಿಮೋತಿ. ಬ್ರಹ್ಮಪುತ್ರ ಕಂಪನಿಯ ಆರುನೂರು ಶೇರು, ಒಂದಕ್ಕೆ ಇಪ್ಪತ್ತೈದು ರೂಪಾಯಿಯಂತೆ ಮಾರಿದ್ದು."