ಉದಾಹರಣೆಗೆ ಶೀತಲ

"ಬಾಗಲಾಗ ಯಾಕ ನಿಂತೀರಿ? ಒಳಗ ಬಂದು ನಿಮ್ಮ ಮನಸಿನಾಗಿನ ಒಂದು ಆಸೆ ಹೇಳ್ರಿ."

ಮೊದಲ ದಿನವೇ, ಹೆಸರು ಕೇಳುವ ಮೊದಲೇ, ರವಿಕಿರಣ ಹೀಗೆಂದುಬಿಟ್ಟಿದ್ದ. ಭಾಲ್ಕಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದ ನರ್ಸ್ ಶೀತಲ ತಬ್ಬಿಬ್ಬಾದಳು. ಇಷ್ಟು ವರ್ಷ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ...

ಬೀದರಿನ ಆ ಮಹಡಿ ಕೋಣೆಯಲ್ಲಿ ಔರಾದಿನ ರವಿಕಿರಣ ಸ್ಪ್ಯಾನಿಷ್ ಕಲಿಸುತ್ತಿದ್ದ. ಅಂದಿನ ಪಾಠ ಆಸೆ ಹೇಳುವ ಕ್ರಿಯಾರೂಪಗಳದ್ದು.

"ನಾವು 'ಅವಳು ಮಾತಾಡಲಿ' ಅಂತೀವಲ್ರಿ, ಹಂಗ. ಆಬ್ಲಾರ್ ಅಂದ್ರ ಮಾತಾಡೋದು. 'ಆರ್' ಹೋಗಿ 'ಎ' ಬರ್ತದ, ಆಬ್ಲೆ. ಕೊಮೆರ್ ಅಂದ್ರ ಉಣ್ಣೋದು. ಅಲ್ಲಿ 'ಎರ್' ಹೋಗಿ 'ಆ' ಬರ್ತದ, ಕೋಮಾ. ಬಿಬಿರ್, ಬದುಕೋದು. ಅದೂ ಹಂಗೇ, ಬಿಬಾ."

ಎದುರಿಗಿದ್ದವರ ಹೆಸರು ಹಾಕಿ ಉದಾಹರಣೆ ಕೊಡುವುದು ಅವನ ರೂಢಿ. ಬರಬರುತ್ತ ಶೀತಲಳ ಹೆಸರೇ ಹೆಚ್ಚಾಯಿತು. ಶೀತಲ ಮಾತಾಡಲಿ, ಶೀತಲ ಉಣ್ಣಲಿ, ಶೀತಲ ಬದುಕಲಿ... ಅವನ್ನೇ ಗುನುಗುತ್ತ ಅವಳು ಊರಿಗೆ ಮರಳುತ್ತಿದ್ದಳು.

ಸ್ಪೇನಿನ ಮ್ಯಾಡ್ರಿಡ್‌ನ ವೃದ್ಧಾಶ್ರಮವೊಂದರಲ್ಲಿ ಅವಳಿಗೆ ಎರಡು ವರ್ಷದ ಕೆಲಸ ಸಿಕ್ಕಿತು. ಆಮೇಲೆ ಅವನ ಬಾಯಲ್ಲಿ ಒಂದೇ ವಾಕ್ಯ.

"ಕಿಯೆರೊ ಕೆ ಶೀತಲ ಬಿಯಾಹೆ."

ಶೀತಲ ಪ್ರಯಾಣ ಮಾಡಲಿ ಎಂಬುದು ನನ್ನ ಆಸೆ.

'ಹೋಗಲಿ ಅಂತಲೇ ಇವರಿಗೆ... ಒಮ್ಮೆಯಾದರೂ ಇರಲಿ ಅನ್ನಬಾರದಿತ್ತೇ?' ಎಂದುಕೊಳ್ಳುತ್ತಿದ್ದಳು ಶೀತಲ.

ಕೊನೆಯ ಪಾಠದಂದು ಅವನು ಮತ್ತೆ ಅದನ್ನೇ ಬೋರ್ಡಿನ ಮೇಲೆ ಬರೆದ. ಉಳಿದವರೆಲ್ಲ ಹೋದ ಮೇಲೆ ಅವಳು ಎದ್ದು ಒರೆಸಿದಳು.

"ಯಾಕ್ರಿ, ತಪ್ಪು ಬರ್ದೀನೇನು?"

"ತಪ್ಪಿಲ್ರಿ ಸರ್. ನನ್ನ ಕಳಿಸ್ಲಾಕ ಇಷ್ಟ್ಯಾಕ ಅವಸರ? ಇನ್ನ ಊರಾಗಿರೋ ನಿಮ್ಮ ಅಕ್ಕನ ಹೆಸರು ಹಾಕ್ರಿ."

"ಅಕ್ಕ ಔರಾದ ದಾಟಿ ಎಲ್ಲೂ ಹೋಗಂಗಿಲ್ರಿ," ಎಂದು ಅವನು ನಗಲು ನೋಡಿದ. ಅವಳ ಕಣ್ಣು ಕಂಡು ನಗು ನಿಂತಿತು.

"ನಿಮ್ಮ ಹೆಸರು ತಗೊಳ್ಳಾಕ ನನಗ ಬ್ಯಾರೆ ನೆಪ ಇರ್ಲಿಲ್ರಿ... ಹೋಗಬ್ಯಾಡ್ರಿ ಅಂದ್ರ ನಿಮ್ಮ ದಾರಿಗಿ ಅಡ್ಡ ಬಂದಂಗ ಆಗ್ತದಂತ ಸುಮ್ಮನಿದ್ದೆ."

"ಹೋಗೇ ಹೋಗ್ತೇನ್ರಿ." ಅವಳು ಡಸ್ಟರ್ ಕೆಳಗಿಟ್ಟಳು. "ಮೊದಲ ದಿನ ಆಸೆ ಕೇಳಿದ್ರಲ್ಲ, ಈಗ ಹೇಳ್ತೇನಿ. ನನಗ ಇಲ್ಲಿ ಕಾಯೋರೊಬ್ಬರು ಬೇಕ್ರಿ."

ಅವನು ಬೋರ್ಡಿನತ್ತ ತಿರುಗಲಿಲ್ಲ. ಅವಳನ್ನೇ ನೋಡುತ್ತ ಮೆಲ್ಲಗೆ ಅಂದ.

"ಎಸ್ಪೆರೊ ಕೆ ರೆಗ್ರೆಸೆಸ್."

ನೀನು ಮರಳಿ ಬರುವೆ ಎಂಬ ಆಸೆಯಲ್ಲಿದ್ದೇನೆ. ಎಸ್ಪೆರೊ ಅಂದರೆ ಕಾಯುತ್ತೇನೆ ಎಂದೂ ಅರ್ಥ.

"ಇದೂ ಉದಾಹರಣೆ ಏನ್ರಿ?"

"ಅಲ್ಲ, ಶೀತಲ."