ಖಾಲಿ ಬಿಟ್ಟ ಸಾಲು

ಹಳಿಯಾಳದಲ್ಲಿ ಮೈಕ್‌ಸೆಟ್ ಸಿದ್ದಲಿಂಗನಿಗೆ ಇದ್ದದ್ದು ಒಂದೇ ಅಪಕೀರ್ತಿ. ಎಂಬತ್ತರ ದಶಕದ ಒಂದು ಸಿನಿಮಾ ಯುಗಳಗೀತೆಯಲ್ಲಿ ಹೆಣ್ಣಿನ ಸಾಲು ಬಂದಾಗಲೆಲ್ಲ ಅವನು ಮರೆತು ನಿಲ್ಲುತ್ತಾನೆ. ಹಾರ್ಮೋನಿಯಂ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟುತ್ತ ಸುಮ್ಮನಿದ್ದು, ತನ್ನ ಸಾಲು ಬಂದೊಡನೆ ಮತ್ತೆ ಶುರು ಮಾಡುತ್ತಾನೆ. ಮದುವೆಯಾಗದೆ ಅರವತ್ತು ದಾಟಿದವನಿಗೆ ಮರೆವು ಸಹಜವೆಂದು ಊರು ಕ್ಷಮಿಸಿತ್ತು. ಪ್ರಾಯದಲ್ಲೂ ಹೀಗೇ ಮರೆಯುತ್ತಿದ್ದನೆಂಬುದನ್ನು ಊರೇ ಮರೆತಿತ್ತು.

ನೀಲಾ ಮರೆತಿರಲಿಲ್ಲ. ಮುಂಡಗೋಡಿಗೆ ಮದುವೆಯಾಗಿ ಹೋಗಿದ್ದವಳು, ಗಂಡ ತೀರಿದ ಮೇಲೆ ಅಣ್ಣ ದೇವರಾಜನ ಮನೆಗೆ ಮರಳಿದ್ದಳು. ಅಣ್ಣನ ಮಗ ಹರೀಶನ ಮದುವೆಗೆ ಮೈಕ್‌ಸೆಟ್ ಹೇಳಲು ಸಿದ್ದಲಿಂಗನ ಅಂಗಡಿಗೆ ಬಂದಳು. ಕನ್ನಡಕದ ಮೇಲಿಂದ ನೋಡಿದಳು. ಕನ್ನಡಕವಿಲ್ಲದ ಕಾಲದಲ್ಲೂ ಅವಳು ನೋಡುತ್ತಿದ್ದದ್ದು ಹಾಗೆಯೇ.

"ಏನ್ರಿ, ಇನ್ನೂ ಆ ಸಾಲು ಮರೀತೀರಂತ?"

"ಮರ್ತಿಲ್ರೀ. ಅದು ನನ್ನ ಪಾಲಿಂದಲ್ಲ."

ಅವಳ ಕಿವಿ ಕೆಂಪಾಯಿತು. ಸ್ಪೀಕರಿನ ಬಾಡಿಗೆ ಕೇಳುವುದು ಮರೆತುಹೋಯಿತು.

ಪ್ರಾಯದ ಆ ದಿನಗಳಲ್ಲಿ ದಾಂಡೇಲಿಯ ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಇಬ್ಬರೂ ಈ ಹಾಡು ಹಾಡಬೇಕಿತ್ತು. ತಾಲೀಮಿಗೆ ಅವಳನ್ನು ಅಪ್ಪ ಬಿಡುತ್ತಿರಲಿಲ್ಲ. ಹಾಗಾಗಿ ಸಿದ್ದಲಿಂಗ ತನ್ನ ಸಾಲುಗಳನ್ನಷ್ಟೇ ಹಾಡಿ, ಅವಳ ಸಾಲಿನ ಜಾಗದಲ್ಲಿ ಬರೀ ತಾಳ ತಟ್ಟಿ, ಕ್ಯಾಸೆಟ್ ತುಂಬಿ ಕಳಿಸುತ್ತಿದ್ದ. ಅಪ್ಪ ಹೊರಗೆ ಹೋದಾಗ, ರೊಟ್ಟಿ ಬಡಿಯುತ್ತ ಅವಳು ಆ ಖಾಲಿ ಜಾಗಗಳಲ್ಲಿ ಹಾಡುತ್ತಿದ್ದಳು. ಕೆಟ್ಟುಹೋದ ಕ್ಯಾಸೆಟ್ ಇದೆಂದು ಅಪ್ಪ ನಂಬಿದ್ದರು. ಮಗಳು ಕೆಟ್ಟಾಳೆಂದು ಅನುಮಾನ ಬಂದದ್ದೇ ಹಬ್ಬಕ್ಕೆ ಮೊದಲೇ ಮದುವೆ ಮುಗಿಸಿದರು. ಜಾತಿ ಬೇರೆ ಇತ್ತು. ಈಗಲೂ ಬೇರೆಯೇ, ಜಾತಿಗೆ ವಯಸ್ಸಾಗುವುದಿಲ್ಲ.

"ಹರೀಶನ ರಿಸೆಪ್ಶನ್ನ್ಯಾಗ ಅದನ್ನ ಹಾಡ್ತೀನಿ," ಎಂದ ಸಿದ್ದಲಿಂಗ, ವೈರು ಸುತ್ತುತ್ತ. "ನಿಮ್ಮ ಜಾಗ ಬಿಟ್ಟಿರ್ತೀನಿ. ನೀವು ಹಾಡಿದ್ರ, ಮನೀಗೆ ಬಂದು ನಿಮ್ಮಣ್ಣನ್ನ ಕೇಳ್ತೀನಿ."

"ಅಣ್ಣನ್ನ ಯಾಕ? ಲಗ್ನ ಅಂವ ಆಗ್ತಾನೇನು?"

ವೈರು ಕೈಯಿಂದ ಜಾರಿತು.

"ಹಾಡಲಿಲ್ಲಂದ್ರ?" ಎಂದಳು ನೀಲಾ.

"ಇನ್ನ ಮ್ಯಾಲೆ ಆ ಸಾಲೂ ನಾನ ಹಾಡಿ ಮುಗಸ್ತೀನಿ."

ಅವಳು ಚಪ್ಪಲಿ ಮೆಟ್ಟಿ ಹೊರಟಳು.

ರಿಸೆಪ್ಶನ್ ಸಂಜೆ ಸಿದ್ದಲಿಂಗ ಹಾಡು ಎತ್ತಿದ. ಕೆಲವರು ಮೊಬೈಲ್ ಕೆಳಗಿಟ್ಟರು, ಇಸ್ತ್ರಿಯಂಗಿಯ ಬೀಗರೊಬ್ಬರ ತುಟಿ ತಾನಾಗಿ ಅಲ್ಲಾಡಿತು. ಅವಳ ಸಾಲು ಬಂತು. ಟಕ್, ಟಕ್, ಬೆರಳು.

"ಅಜ್ಜಾರ, ಮತ್ತ ಮರ್ತ್ರೇನು?" ಯಾರೋ ನಕ್ಕರು.

ಮೊದಲ ಸಾಲು ಖಾಲಿಯೇ ಹೋಯಿತು. ಎರಡನೆಯದಕ್ಕೆ ನೀಲಾ ಕುಳಿತಲ್ಲಿಂದಲೇ ದನಿ ತೆಗೆದಳು. ಒಡೆದ ದನಿ, ಆದರೆ ತಾಳ ತಪ್ಪಲಿಲ್ಲ.

ದೇವರಾಜ ಪಕ್ಕದಿಂದ ಅವಳ ಸೆರಗು ಹಿಡಿದ. "ಬಾಯಿ ಮುಚ್ಚಿ ಕುಂದ್ರು, ನೀಲಾ. ಬೀಗರು ಕೇಳಾಕತ್ತಾರ."

"ಕೇಳ್ಲಿ ಅಂತನ ಹಾಡಾಕತ್ತೀನಿ."

"ಗಂಡ ಸತ್ತಾಕಿ ನೀನು!"

"ನಾ ಸತ್ತಿಲ್ಲಲ್ಲ?"

ಸೆರಗು ಬಿಡಿಸಿಕೊಂಡು ವೇದಿಕೆ ಹತ್ತಿದಳು. ಅವನ ಕಡೆ ನೋಡದೆ ಮೈಕ್ ತೆಗೆದುಕೊಂಡಳು. ಆಮೇಲೆ ನೋಡಿದಳು, ಕನ್ನಡಕದ ಮೇಲಿಂದ.

ಈಗ ಸಿದ್ದಲಿಂಗನ ಸಾಲು. ಅವನು ಬಾಯಿ ತೆರೆದ. ಏನೂ ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನು ನಿಜವಾಗಿಯೂ ಮರೆತಿದ್ದ. ನೀಲಾ ಹಾರ್ಮೋನಿಯಂ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟುತ್ತ, ನಗುತ್ತ ಕಾದಳು. ಬರದಿದ್ದಾಗ ಅವನ ಸಾಲನ್ನೂ ತಾನೇ ಹಾಡಿಬಿಟ್ಟಳು.

"ಇಳಿ ಕೆಳಗ!" ದೇವರಾಜ ಎದ್ದು ನಿಂತಿದ್ದ.

ಮೈಕ್ ಆನ್ ಇತ್ತು. ಇಡೀ ಹಾಲಿಗೆ ಕೇಳಿತು:

"ಕುಂದ್ರಣ್ಣಾ, ಇನ್ನೂ ಒಂದು ಚರಣ ಐತಿ. ಆಮ್ಯಾಲೆ ನಮ್ಮ ಲಗ್ನದ ತಾರೀಖು ಹೇಳ್ತೀನಿ."