ಪುಟ್ಟಮಾದಯ್ಯನ ಸ್ವರದ ಪುಸ್ತಕ

ಮಾಘ ಮಾಸ, ಬೆಳಗಿನ ಎಂಟೂವರೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಮದ್ದೂರು ಬಸ್ ಸ್ಟ್ಯಾಂಡಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಅರುಂಧತಿ ಅಪ್ಪನ ಹಳೇ ಪುಸ್ತಕದ ಹಾಳೆ ತಿರುವುತ್ತಿದ್ದಳು.

“ಮುಚ್ಚಬೇಡಿ!”

ಹಿಂದೆ ಯಾರೋ ಕೂಗಿದರು. ಬೆಚ್ಚಿ ಪುಸ್ತಕವನ್ನು ಎದೆಗೆ ಅವಚಿಕೊಂಡಳು.

“ಸ್ವರ ಬರ್ದಿರೋದಲ್ವಾ ಅದು? ಯಾರದು?”

“ನಮ್ಮಪ್ಪಂದು. ಅದ್ಕೆ ಹಂಗ್ ಕಿರುಚೋದಾ? ಜೀವ ಬಾಯಿಗ್ ಬಂತು!”

ಅವನು ಶಶಿಧರ್, ಮದ್ದೂರಿನ ಸ್ಕೂಲಿನಲ್ಲಿ ಸಂಗೀತದ ಮೇಷ್ಟ್ರು. ಹಳಬರ ಸ್ವರಗಳನ್ನು ಕಂಪ್ಯೂಟರಿನಲ್ಲಿ ಅಚ್ಚು ಮಾಡಿ, ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳುವಂತೆ ಇಂಟರ್ನೆಟ್ಟಿಗೆ ಹಾಕುವ ಹುಚ್ಚು ಅವನಿಗೆ.

ಅವಳಪ್ಪ ಪೂರಿಗಾಲಿಯ ಪುಟ್ಟಮಾದಯ್ಯ, ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದವನು. ನಲವತ್ತು ಮಟ್ಟುಗಳನ್ನು ತಾನೇ ಕಟ್ಟಿದವನು. ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಅಪ್ಪನ ಹೆಸರೇ ಅಳಿಸಿಹೋಗುತ್ತಲ್ಲಾ ಎಂಬ ಸಂಕಟ ಅವಳನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ.

“ಎಲ್ಲಾರ್ಗೂ ಕೊಡಾನ ಮೇಷ್ಟ್ರೇ. ಹೆಸ್ರು ಮಾತ್ರ ಉಳೀಬೇಕು.”

ಎರಡು ತಿಂಗಳು ಜೊತೆಗೆ ಕುಳಿತರು. ಅವನು ಒಂದೊಂದು ಸಾಲು ಗುನುಗಿದಾಗಲೂ ಅವಳ ಮನಸ್ಸು ಅಂಕೆ ತಪ್ಪುತ್ತಿತ್ತು. ‘ಇವರಿಗೂ ಹಿಂಗೇ ಆಗುತ್ತಾ?...’ ಕೇಳುವ ಧೈರ್ಯವಿರಲಿಲ್ಲ.

ಕೊನೆಗೆ, ಇಳಿಸಿಕೊಂಡವರು ಹಾಳೆಗಳನ್ನು ಹೇಗೆ ಬಳಸಬಹುದು ಎಂಬ ಪರವಾನಗಿ ಆರಿಸುವ ದಿನ ಬಂತು. ಎಲ್ಲದರಲ್ಲೂ ಅಪ್ಪನ ಹೆಸರು ಇರಲೇಬೇಕು. ಆದರೆ ಬೇರೆಯವರು ತಿದ್ದಬಹುದೇ, ತಿದ್ದಬಾರದೇ?

“ತಿದ್ದಬಹುದು ಅಂತಲೇ ಕೊಡೋಣ,” ಎಂದ ಶಶಿಧರ್.

ಅಷ್ಟರಲ್ಲಿ ಅವಳ ಕಣ್ಣು ಮೊದಲ ಹಾಳೆಗೆ ಬಿತ್ತು. ಅಪ್ಪ ‘ರಿ’ ಬರೆದ ಕಡೆ ಅಚ್ಚಿನಲ್ಲಿ ‘ಗ’!

“ನಮ್ಮಪ್ಪನ ಸ್ವರ ತಿದ್ದೋಕೆ ನೀವ್ಯಾರು? ಓದು ಬರಹ ಕಮ್ಮಿ ಇದ್ದೋನು ಅಂತ ಸದರಾನಾ?”

“ಹಂಗಲ್ಲ ಅರುಂಧತಿ...”

“ಅಪ್ಪ ಬರ್ದಂಗೇ ಇರ್ಲಿ. ಯಾರೂ ತಿದ್ದಬಾರ್ದು ಅಂತಲೇ ಹಾಕ್ತೀನಿ!”

“ಹಾಕಿ. ಆದ್ರೆ ಊರೂರಿಗೆ ಹೋದ ಹಾಳೇನ ವಾಪಸ್ ಕರಿಯೋಕಾಗಲ್ಲ. ನಿಧಾನ ಮಾಡಿ.”

ಅಪ್ಪ ಬರೆದಂತೆಯೇ ಅಚ್ಚು ಮಾಡಿ ಅವಳ ಮೊಬೈಲಿಗೆ ಕಳಿಸಿದ; ಪುಸ್ತಕ ಕೈಗಿಟ್ಟು ಎದ್ದುಹೋದ.

ಹನ್ನೊಂದು ದಿನ ಅವನ ಫೋನಿಲ್ಲ. ‘ಅಂದಿದ್ದು ಜಾಸ್ತಿ ಆಯ್ತಾ?... ಆದ್ರೆ ಅಪ್ಪ!’

ಅಪ್ಪನ ವರ್ಷದ ಎಡೆಯ ದಿನ ಡ್ರಮ್ಮಿನ ನಿಂಗಯ್ಯ ಬಂದ. ಮೂವತ್ತು ವರ್ಷ ಅಪ್ಪನ ಜೊತೆ ಬಾರಿಸಿದವನು. ಅರುಂಧತಿ ಪುಸ್ತಕ ನೋಡಿಕೊಂಡು ಮೊದಲ ಮಟ್ಟು ಹಾಡಿದಳು. ನಿಂಗಯ್ಯ ಕೆಮ್ಮು ಬರುವಷ್ಟು ನಕ್ಕ.

“ಅಯ್ಯೋ ಮಗಾ, ಅದು ಕಳ್ರಿಗೆ ಇಟ್ಟಿದ್ದ ಸ್ವರ ಕಣವ್ವ!”

“ಅಂದ್ರೆ?”

“ಬ್ಯಾರೆ ಸೆಟ್ನೋರು ಬುಕ್ಕು ಕದ್ದು ಬಾರ್ಸುದ್ರೆ ಮದ್ವೆ ಮನೇಲೇ ಮಾನ ಓಗ್ಲಿ ಅಂತ, ನಿಮ್ಮಪ್ಪ ಆಡ್ಗೊಂದು ಸ್ವರ ಬೇಕಂತ್ಲೇ ತಪ್ಪು ಬರೀತಿದ್ದ. ಇದ್ನ ಊದೋವಾಗ ‘ಗ’ನೇ ಊದ್ತಿದ್ದ. ನಂಗಲ್ದೆ ಇನ್ಯಾರ್ಗೂ ಗೊತ್ತಿಲ್ಲ ಬುಡು!”

ಅರುಂಧತಿ ಮೊಬೈಲು ತೆಗೆದು ನೋಡಿದಳು. ‘ತಿದ್ದಬಾರದು’ ಎಂದು ಗುರುತು ಹಾಕಿಯಾಗಿತ್ತು; ಇಂಟರ್ನೆಟ್ಟಿಗೆ ಏರಿಸಲು ಬೆರಳು ಒತ್ತುವುದೊಂದೇ ಬಾಕಿ. ಒತ್ತಿದ್ದರೆ ಅಪ್ಪನ ಹೆಸರಿನಲ್ಲೇ ನಲವತ್ತು ಅಪಸ್ವರ ಊರೂರು ಸುತ್ತುತ್ತಿದ್ದವು!

ಎರಡು ಗಂಟೆಯ ಬಸ್ಸು ಹಿಡಿದಳು. ಮದ್ದೂರಿನವರೆಗೂ ನಿಂತೇ ಬಂದಳು. ಸೀಟಿತ್ತು, ಕೂರಲಾಗಲಿಲ್ಲ.

ಸ್ಕೂಲಿನ ಗೇಟಿನಲ್ಲಿ ಸಿಕ್ಕ ಅವನಿಗೆ ಒಂದೇ ಉಸಿರಿಗೆ ಎಲ್ಲ ಹೇಳಿ ಕೇಳಿದಳು: “ಸ್ವರ ತಪ್ಪು ಅಂತ ಗೊತ್ತಿದ್ದೂ ಯಾಕ್ ಹೇಳ್ಲಿಲ್ಲ?”

“ಕಿವಿಗೆ ಚುಚ್ತಿತ್ತು. ಆದ್ರೆ ಅಪ್ಪನ್ನ ಕಳ್ಕೊಂಡೋರ ಮುಂದೆ ‘ನಿಮ್ಮಪ್ಪ ತಪ್ಪು ಬರ್ದವ್ರೆ’ ಅಂತ ಹೆಂಗನ್ಲಿ? ಬೈದ್ರೆ ಬೈಸ್ಕೊಳಾನ ಅಂದ್ಕೊಂಡೆ.”

ಅವಳ ಕಣ್ಣು ತುಂಬಿತು. ಅಲ್ಲೇ ನಿಂತು ‘ತಿದ್ದಬಹುದು’ ಎಂಬುದಕ್ಕೆ ಗುರುತು ಹಾಕಿದಳು.

“ತಿದ್ದಿದೋರ ಹೆಸ್ರೂ ಹಾಕ್ಬೇಕಲ್ವಾ? ಬರೀರಿ... ಶಶಿಧರ್, ಅರುಂಧತಿ.”

“ಎರಡು ಹೆಸ್ರು ಒಂದೇ ಸಾಲಲ್ಲಿದ್ರೆ ಜನ ಏನಂದ್ಕೊತಾರೆ?”

“ಅಂದ್ಕೊಳ್ಲಿ. ನಾನ್ ಅಂದ್ಕೊಂಡು ಎಷ್ಟು ದಿನ ಆಯ್ತು ಗೊತ್ತಾ?”

“ನನಗಿಂತ ಒಂದಿನ ಕಮ್ಮೀನೇ ಇರುತ್ತೆ ಬುಡಿ...”

ವೈಶಾಖದಲ್ಲಿ, ಒಂದು ಭಾನುವಾರ ಮದುವೆಯಾಯಿತು. ಸೋಮವಾರ ಬೆಳಗ್ಗೆ ಅವ್ವನ ಕಾಲಿಗೆ ಬಿದ್ದು, ಅರುಂಧತಿ ಶಶಿಧರನ ಜೊತೆ ಪೂರಿಗಾಲಿ ಬಿಟ್ಟು ಹೊರಟಳು.